ನಿದ್ರೆಯಿಂದೇಳದ ಗಣಕಯಂತ್ರ: ಲಕ್ಷಣ, ಪರೀಕ್ಷೆ ಮತ್ತು ಉಪಚಾರ

ಮಹಾನಗರದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಗಣಕಯಂತ್ರವು ಇಂದು ಐಷಾರಾಮದ ವಸ್ತುವಾಗಿ ಉಳಿದಿಲ್ಲ. ಸಿಡ್ಕೊ ಸಂಸ್ಥೆಯು ರೂಪಿಸಿದ ನವಿಮುಂಬಯಿಯ ಬಡಾವಣೆಗಳಲ್ಲೊಂದಾದ ಕಾಮೋಠೆಯಂತಹ ಕಡೆ, ಎರಡು ಕೋಣೆಗಳ ಮನೆಯಲ್ಲಿ ಒಂದೇ ಯಂತ್ರವು ಮಕ್ಕಳ ಪಾಠಕ್ಕೂ, ಹಿರಿಯರ ಲೆಕ್ಕಪತ್ರಕ್ಕೂ, ಊರಿನಲ್ಲಿರುವ ತಂದೆತಾಯಿಯರ ಮುಖದರ್ಶನಕ್ಕೂ ಒದಗಬೇಕಾಗುತ್ತದೆ. ಅರ್ಧ ಬರೆದ ಕೆಲಸವನ್ನು ಹಾಗೆಯೇ ಬಿಟ್ಟು ಊಟಕ್ಕೆ ಎದ್ದು ಹೋದವರು ಹಿಂದಿರುಗಿ ಕೀಲಿಯೊತ್ತಿದಾಗ ಪರದೆ ಬೆಳಗದೆ ಕಪ್ಪಾಗಿಯೇ ಉಳಿಯುವುದುಂಟು. ಆಗ ಗಾಬರಿಯಿಂದ ಯಂತ್ರವನ್ನು ಬಲವಂತವಾಗಿ ಆರಿಸುವವರೇ ಹೆಚ್ಚು. ಆದರೆ ಪರದೆ ಕಪ್ಪಾದ ಮಾತ್ರಕ್ಕೆ ಯಂತ್ರ ಕೆಟ್ಟಿತೆಂದು ಭಾವಿಸಲಾಗದು. ಎಚ್ಚರಗೊಳ್ಳದ ಅಂಗ ಯಾವುದೆಂದು ಮೊದಲು ಗುರುತಿಸುವುದು ವಿವೇಕ.

ನಿದ್ರೆಯ ಸ್ವರೂಪ

ಗಣಕಯಂತ್ರದ ನಿದ್ರೆ, ಎಚ್ಚರಗಳಿಗೆ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು 1996ರಲ್ಲಿ ‘ಎಸಿಪಿಐ’ ಎಂಬ ಸಮಾನ ನಿಯಮಾವಳಿಯನ್ನು ಪ್ರಕಟಿಸಿದವು. ಅದರಂತೆ ಸಾಮಾನ್ಯ ನಿದ್ರಾವಸ್ಥೆಯಲ್ಲಿ ಪ್ರೊಸೆಸರ್, ಡಿಸ್ಕ್, ಫ್ಯಾನುಗಳೆಲ್ಲ ವಿಶ್ರಮಿಸುತ್ತವೆ. ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಗೆ ಮಾತ್ರ ಅಲ್ಪ ಪ್ರಮಾಣದ ವಿದ್ಯುತ್ತು ಹರಿಯುತ್ತಿರುತ್ತದೆ. ಉಳಿಸದೆ ಬಿಟ್ಟ ಕೆಲಸವು ಆ ಸ್ಮೃತಿಯಲ್ಲಿಯೇ ಇರುವುದು. ವಿದ್ಯುತ್ತು ತಪ್ಪಿದೊಡನೆ ಅದು ಅಳಿಸಿಹೋಗುತ್ತದೆ. ‘ಹೈಬರ್ನೇಟ್’ ಎಂಬ ಗಾಢನಿದ್ರೆಯಲ್ಲಾದರೋ ಕೆಲಸವೆಲ್ಲ ಡಿಸ್ಕಿಗೆ ಬರೆಯಲ್ಪಡುವುದರಿಂದ ವಿದ್ಯುತ್ತು ಹೋದರೂ ಹಾನಿಯಿಲ್ಲ.

ಎಚ್ಚರಗೊಳ್ಳುವಾಗ ಮೊದಲು ಪ್ರೊಸೆಸರ್, ಬಳಿಕ ಚಿತ್ರವನ್ನು ರಚಿಸುವ ಗ್ರಾಫಿಕ್ಸ್ ಭಾಗ, ಅನಂತರ ತಂತಿಯ ಮೂಲಕ ಮಾನಿಟರ್ ಹೀಗೆ ಒಂದೊಂದಾಗಿ ಏಳಬೇಕು. ಈ ಸರಪಳಿಯ ಯಾವುದೇ ಒಂದು ಕೊಂಡಿ ತಪ್ಪಿದರೂ ಫಲಿತಾಂಶ ಒಂದೇ, ಕಪ್ಪು ಪರದೆ.

ಪರೀಕ್ಷೆ

ಕೀಲಿಮಣೆಯ ‘ಕ್ಯಾಪ್ಸ್ ಲಾಕ್’ ಕೀಲಿಯನ್ನು ಎರಡು ಮೂರು ಬಾರಿ ಒತ್ತಿ, ಅದರ ಪುಟ್ಟ ದೀಪವನ್ನು ಗಮನಿಸಬೇಕು. ದೀಪವು ಹೊತ್ತಿ ಆರಿದರೆ ಯಂತ್ರವು ಎಚ್ಚರವಾಗಿದೆ, ದೋಷವಿರುವುದು ಪರದೆಯ ಕಡೆಗೆ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ದೀಪವು ಕದಲದೆ, ಫ್ಯಾನು ಮಾತ್ರ ತಿರುಗುತ್ತಿದ್ದರೆ ಯಂತ್ರವೇ ಅರೆನಿದ್ರೆಯಲ್ಲಿ ಸಿಲುಕಿರುವ ಸಂಭವ ಹೆಚ್ಚು. ಫ್ಯಾನಿನ ಸದ್ದೂ ಇಲ್ಲದಿದ್ದರೆ ಅದು ಇನ್ನೂ ನಿದ್ರಿಸುತ್ತಿರಬಹುದು. ಪವರ್ ಗುಂಡಿಯನ್ನು ಒಮ್ಮೆ ಮೃದುವಾಗಿ ಒತ್ತಿ ಬಿಟ್ಟು ಅರ್ಧ ನಿಮಿಷ ಕಾಯಬೇಕು.

ಉಪಚಾರ

ಸೌಮ್ಯವಾದ ಉಪಾಯದಿಂದ ಆರಂಭಿಸಿ ಉಗ್ರವಾದುದನ್ನು ಕೊನೆಗೆ ಇರಿಸಿಕೊಳ್ಳುವುದು ಲೇಸು.

1. ಮಾನಿಟರನ್ನು ಮಾತ್ರ ಆರಿಸಿ, ಅದರ ಪ್ಲಗ್ಗನ್ನು ತೆಗೆದು, ಒಂದು ನಿಮಿಷದ ಬಳಿಕ ಮತ್ತೆ ಹಚ್ಚಬೇಕು. ಇದರಿಂದ ಸ್ಮೃತಿಯಲ್ಲಿರುವ ಕೆಲಸಕ್ಕೆ ಬಾಧೆಯಿಲ್ಲ. ಚಿತ್ರದ ತಂತಿಯ ಎರಡೂ ತುದಿಗಳನ್ನು ಬಿಗಿಯಾಗಿ ಕೂರಿಸಿ, ಆ ತಂತಿ ಜೋಡಿಸಿದ ದ್ವಾರವನ್ನೇ ಮಾನಿಟರಿನಲ್ಲಿ ಆರಿಸಲಾಗಿದೆಯೇ ಎಂದು ನೋಡಬೇಕು.

2. ವಿಂಡೋಸ್ 10 ಅಥವಾ 11 ಇರುವ ಯಂತ್ರಗಳಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ‘ಬಿ’ ಈ ನಾಲ್ಕು ಕೀಲಿಗಳನ್ನು ಏಕಕಾಲಕ್ಕೆ ಒತ್ತಿದರೆ ಗ್ರಾಫಿಕ್ಸ್ ಭಾಗವನ್ನು ನಡೆಸುವ ಡ್ರೈವರ್ ಹೊಸದಾಗಿ ಆರಂಭವಾಗುತ್ತದೆ. ತೆರೆದಿಟ್ಟ ಕೆಲಸವು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ.

3. ಲ್ಯಾಪ್‌ಟಾಪ್ ಆಗಿದ್ದರೆ ಬೆಳಕು ಹೆಚ್ಚಿಸುವ ಕೀಲಿಯನ್ನು ಒತ್ತಿ ನೋಡಬೇಕು. ಕತ್ತಲೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದಾಗ ಮಸುಕಾದ ಚಿತ್ರ ಕಂಡರೆ, ಚಿತ್ರವಿದೆ, ಹಿಂಬದಿಯ ಬೆಳಕು ಮಾತ್ರ ಇಲ್ಲವೆಂದು ತಿಳಿಯಬೇಕು. ಆಗ ಟಿ.ವಿ.ಗೆ ತಂತಿ ಜೋಡಿಸಿ ಕೆಲಸವನ್ನು ಉಳಿಸಿಕೊಳ್ಳಲು ಸಾಧ್ಯ.

4. ಇವೆಲ್ಲವೂ ವಿಫಲವಾದರೆ ಮಾತ್ರ ಪವರ್ ಗುಂಡಿಯನ್ನು ಹತ್ತು ಸೆಕೆಂಡುಗಳ ಕಾಲ ಒತ್ತಿ ಹಿಡಿದು ಯಂತ್ರವನ್ನು ಆರಿಸಬೇಕು. ಉಳಿಸದ ಕೆಲಸವು ಇದರಿಂದ ನಷ್ಟವಾಗುತ್ತದೆ.

ಮುನ್ನೆಚ್ಚರಿಕೆ

ತೊಂದರೆಯು ಪದೇ ಪದೇ ಮರುಕಳಿಸುತ್ತಿದ್ದರೆ ತಯಾರಕರ ಅಧಿಕೃತ ಜಾಲತಾಣದಿಂದ ಹೊಸ ಗ್ರಾಫಿಕ್ಸ್ ಡ್ರೈವರನ್ನು ಅಳವಡಿಸಬೇಕು. ಹೊಸ ಡ್ರೈವರ್ ಬಂದ ಮೇಲೆಯೇ ತೊಂದರೆ ಆರಂಭವಾಗಿದ್ದರೆ ಹಳೆಯದಕ್ಕೆ ಹಿಂದಿರುಗಬೇಕು. ಅದುವರೆಗೆ ಸಾಮಾನ್ಯ ನಿದ್ರೆಯನ್ನು ರದ್ದುಪಡಿಸಿ, ಪರದೆ ಮಾತ್ರ ಆರುವಂತೆ ಏರ್ಪಡಿಸಿಕೊಳ್ಳುವುದು ಕ್ಷೇಮ.

ಕಚೇರಿಗೆ ಹೊರಡುವಾಗ ಗೋಡೆಯ ಸ್ವಿಚ್ಚುಗಳನ್ನೆಲ್ಲ ಆರಿಸುವುದು ಒಳ್ಳೆಯ ಅಭ್ಯಾಸವೇ ಸರಿ. ಆದರೆ ನಿದ್ರಿಸುತ್ತಿರುವ ಡೆಸ್ಕ್‌ಟಾಪಿನ ಸ್ವಿಚ್ಚನ್ನು ಆರಿಸಿದರೆ ಸ್ಮೃತಿಯಲ್ಲಿದ್ದುದೆಲ್ಲ ಹೋಗುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿಯ ಆಸರೆಯಿದೆ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಆ ಆಸರೆಯಿಲ್ಲ. ಆದುದರಿಂದ ಏಳುವ ಮೊದಲು ಕೆಲಸವನ್ನು ಉಳಿಸುವುದನ್ನು ಮಕ್ಕಳಿಗೂ ರೂಢಿ ಮಾಡಿಸಬೇಕು.

ಖಾಡಿಗೆ ಸಮೀಪದ ಬಡಾವಣೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಾಂಶದಿಂದ ಒಳಗಿನ ಲೋಹದ ಸಂಪರ್ಕಗಳು ಕಿಲುಬು ಹಿಡಿಯಬಹುದು. ಯಂತ್ರವನ್ನು ಕಿಟಕಿಯ ಇರಿಚಲಿನಿಂದ ದೂರವಿಡಬೇಕು. ಮಾನಿಟರನ್ನಾಗಲಿ, ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನಾಗಲಿ ಮನೆಯಲ್ಲಿ ಬಿಚ್ಚಕೂಡದು. ಪ್ಲಗ್ ತೆಗೆದ ಬಳಿಕವೂ ಅವುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಲ್ಲದು.

ಕೊನೆಗೆ ತಂತ್ರಜ್ಞನ ಬಳಿಗೆ ಹೋಗಬೇಕಾಗಿ ಬಂದರೂ ಈ ಪರೀಕ್ಷೆಗಳು ವ್ಯರ್ಥವಲ್ಲ. ಕ್ಯಾಪ್ಸ್ ಲಾಕ್ ದೀಪ ಹೊತ್ತಿತೇ, ಫ್ಯಾನು ತಿರುಗಿತೇ, ಬೇರೆ ಪರದೆಯಲ್ಲಿ ಚಿತ್ರ ಮೂಡಿತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ, ರೋಗಿಯು ವೈದ್ಯರಿಗೆ ಲಕ್ಷಣಗಳನ್ನು ಸರಿಯಾಗಿ ಹೇಳಿದಂತಾಗುತ್ತದೆ. ಬೇಡದ ಬಿಡಿಭಾಗಗಳಿಗೆ ಹಣ ತೆರುವ ಪ್ರಸಂಗವೂ ತಪ್ಪೀತು.