ಮೊದಲು ಅಚ್ಚು, ಆಮೇಲೆ ಸೂಜಿ: ಕಾಯನ್ ಹಚ್ಚೆಯ ಕೆಲಸ

ಬೋರ್ನಿಯೊ ದ್ವೀಪದ ಕಾಯನ್ ಜನರು ಮಲೇಷ್ಯಾದ ಸರಾವಾಕ್‌ನ ಬರಾಮ್, ರಜಾಂಗ್ ನದಿಗಳ ಮೇಲ್ಭಾಗದಲ್ಲೂ ಇಂಡೊನೇಷ್ಯಾದ ಕಾಲಿಮಂಟಾನ್‌ನಲ್ಲೂ ನೆಲೆಸಿದವರು. ಕುತ್ತಿಗೆಗೆ ಹಿತ್ತಾಳೆ ಸುರುಳಿ ತೊಡುವ ಮ್ಯಾನ್ಮಾರಿನ ಕಾಯನ್ನರೇ ಬೇರೆ, ಇವರೇ ಬೇರೆ. ಮುಂಗೈ, ಬೆರಳು, ತೊಡೆ, ಪಾದಗಳನ್ನು ತುಂಬಿದ ಕಡುನೀಲಿ ಹಚ್ಚೆ ಬೋರ್ನಿಯೊದ ಕಾಯನ್ ಹೆಂಗಸರ ಗುರುತಾಗಿತ್ತು. ದೂರದಿಂದ ನೋಡಿದರೆ ಲೇಸಿನ ಕೈಗವಸು ತೊಟ್ಟ ಹಾಗಿರುತ್ತದೆ. ಇಷ್ಟು ಒತ್ತಾದ ಚಿತ್ತಾರ ಅಳತೆ ತಪ್ಪದೆ ಮೂಡುವುದಕ್ಕೆ ಮರದ ಅಚ್ಚೇ ಕಾರಣ. ಸರಾವಾಕ್‌ನಲ್ಲಿ ಅಧಿಕಾರಿಯಾಗಿದ್ದ ಚಾರ್ಲ್ಸ್ ಹೋಸ್ ಮತ್ತು ಅಲ್ಲಿನ ವಸ್ತುಸಂಗ್ರಹಾಲಯದ ರಾಬರ್ಟ್ ಶೆಲ್ಫರ್ಡ್ 1906ರಲ್ಲಿ ಈ ಪದ್ಧತಿಯನ್ನು ವಿವರವಾಗಿ ದಾಖಲಿಸಿದರು.

ಸಲಕರಣೆ

ಮುಖ್ಯವಾದವು ಮೂರು. ಮೊದಲನೆಯದು ‘ಕ್ಲಿಂಗೆ’ ಎಂಬ ಅಚ್ಚು. ಇದರಲ್ಲಿ ಚಿತ್ತಾರ ಉಬ್ಬಾಗಿ ಕೆತ್ತಿರುತ್ತದೆ. ಎರಡನೆಯದು ಚುಚ್ಚುವ ‘ಉಲಾಂಗ್’: ಮರದ ಹಿಡಿ, ಅದರ ತುದಿಯಲ್ಲಿ ಮೂರೋ ನಾಲ್ಕೋ ಮೊನೆ. ಮೂರನೆಯದು ಅದರ ಮೇಲೆ ತಟ್ಟಲು ಗಿಡ್ಡ ಕಬ್ಬಿಣದ ಸಲಾಕೆ; ಕೈ ಜಾರದಿರಲೆಂದು ಅರ್ಧಕ್ಕೆ ದಾರ ಸುತ್ತಿರುತ್ತಿದ್ದರು. ಬಣ್ಣ ಮನೆಯಲ್ಲೇ ಸಿಗುತ್ತಿತ್ತು. ಅಡುಗೆ ಪಾತ್ರೆಯ ತಳದ ಮಸಿಯನ್ನು ಕೆರೆದು, ನೀರು ಮತ್ತು ಕಬ್ಬಿನ ಹಾಲಿನಲ್ಲಿ ಕಲಸಿದರೆ ಆಯಿತು.

ಕೆಲಸದ ಕ್ರಮ

ಕಾಯನ್ನರಲ್ಲಿ ಹಚ್ಚೆ ಹೊಯ್ಯುತ್ತಿದ್ದವರು ಹೆಂಗಸರೇ. ವಿದ್ಯೆ ಬಹುಮಟ್ಟಿಗೆ ತಾಯಿಯಿಂದ ಮಗಳಿಗೆ ಬರುತ್ತಿತ್ತು. ಹುಡುಗಿ ನೆಲದ ಮೇಲೆ ಮಲಗುತ್ತಿದ್ದಳು. ಹಚ್ಚೆಯವಳು ಒಂದು ಬದಿ, ಸಹಾಯಕಿ ಇನ್ನೊಂದು ಬದಿ ಕುಕ್ಕುರು ಕೂರುತ್ತಿದ್ದರು. ತಾಳೆ ಜಾತಿಯ ಮರದ ನಾರನ್ನು ಮಸಿಯಲ್ಲಿ ಅದ್ದಿ ಚರ್ಮಕ್ಕೆ ಒತ್ತಿದರೆ ನೇರ ಗೆರೆ ಬೀಳುತ್ತಿತ್ತು. ಈ ಗೆರೆಗಳೇ ಚಿತ್ತಾರದ ಪಟ್ಟಿಗಳ ಗಡಿ. ಗಡಿಯುದ್ದಕ್ಕೂ ಮೊದಲು ಅಂಕುಡೊಂಕು ಸಾಲು ಚುಚ್ಚಿ, ಆಮೇಲೆ ಅಚ್ಚಿಗೆ ಮಸಿ ಬಳಿದು ಪಟ್ಟಿಯೊಳಗೆ ಒತ್ತುತ್ತಿದ್ದರು. ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಮೂಡಿದ ಗುರುತಿನ ಮೇಲೆ ಮೊನೆಯಿಟ್ಟು ಸಲಾಕೆಯಿಂದ ಟಕ್ ಟಕ್ ಎಂದು ತಟ್ಟುತ್ತಾ ಹೋಗುತ್ತಿದ್ದರು. ಮಸಿಯ ಕಣಗಳು ಮೇಲ್ಚರ್ಮ ದಾಟಿ ಒಳಪದರಕ್ಕೆ ಇಳಿಯುತ್ತವೆ. ಮೇಲ್ಚರ್ಮ ಉದುರಿ ಹೊಸದು ಬಂದರೂ ಒಳಪದರದಲ್ಲಿ ನಿಂತ ಕಣಗಳು ಅಲ್ಲೇ ಉಳಿಯುವುದರಿಂದ ಹಚ್ಚೆ ಅಳಿಸುವುದಿಲ್ಲ. ಔಷಧ ಹಚ್ಚುವ ರೂಢಿ ಇರಲಿಲ್ಲ; ಕೆಲವರಿಗೆ ಹುಣ್ಣಾಗಿ, ನಿಧಾನವಾಗಿ ಮಾಯುತ್ತಿತ್ತು.

ಎಷ್ಟು ಕಾಲ, ಎಷ್ಟು ಖರ್ಚು

ಒಮ್ಮೆಗೆ ನೋವು ತಡೆಯುವಷ್ಟೇ ಚುಚ್ಚುತ್ತಿದ್ದರು. ಸುಮಾರು 10ನೇ ವಯಸ್ಸಿಗೆ ಬೆರಳು, ಪಾದಗಳಿಂದ ಆರಂಭ, ಮುಂದಿನ ವರ್ಷ ಮುಂಗೈ, ಆಮೇಲೆ ತೊಡೆ. ಪೂರ್ತಿಯಾಗಲು ನಾಲ್ಕು ವರ್ಷದವರೆಗೂ ಹಿಡಿಯುತ್ತಿತ್ತು. ಮಕ್ಕಳಾಗುವ ಮುಂಚೆಯೇ ಮುಗಿಯಬೇಕಿತ್ತು. ತಾಯಿಯಾದ ಮೇಲೆ ಚುಚ್ಚಿಸಿಕೊಳ್ಳುವುದು ನಾಚಿಕೆಗೇಡು ಎನಿಸುತ್ತಿತ್ತು. ಕೂಲಿ ಹಣದಲ್ಲಲ್ಲ, ಜಾಗಟೆ, ಕತ್ತಿ, ಮಣಿಗಳ ರೂಪದಲ್ಲಿ. ಬಿತ್ತನೆಯ ಕಾಲದಲ್ಲಿ, ಊರಲ್ಲಿ ಹೆಣ ಇದ್ದಾಗ, ಕೆಟ್ಟ ಕನಸು ಬಿದ್ದಾಗ ಕೆಲಸ ನಿಲ್ಲುತ್ತಿತ್ತು. ಹಚ್ಚೆಯವಳ ಮಕ್ಕಳು ತೀರ ಚಿಕ್ಕವರಿದ್ದರೆ ಅವಳು ಸೂಜಿ ಮುಟ್ಟುವಂತಿರಲಿಲ್ಲ.

ಇಷ್ಟೆಲ್ಲ ಏಕೆ?

ಸತ್ತ ಮೇಲೆ ಕತ್ತಲ ದಾರಿಯಲ್ಲಿ ಹಚ್ಚೆಯೇ ದೀಪ ಎಂಬ ನಂಬಿಕೆಯಿತ್ತು. ಪೂರ್ತಿ ಹಚ್ಚೆಯವರು ಪರಲೋಕದ ತೆಲಾಂಗ್ ಜುಲಾನ್ ನದಿಗಿಳಿದು ಮುತ್ತು ಆಯಬಹುದು. ಅರ್ಧ ಮಾಡಿಸಿಕೊಂಡವರು ದಡದಲ್ಲೇ ನಿಲ್ಲಬೇಕು. ಇಲ್ಲದವರು ಹತ್ತಿರವೂ ಸುಳಿಯುವಂತಿಲ್ಲ. ಗಂಡಸರ ಹಚ್ಚೆ ಕಡಿಮೆಯಿತ್ತು. ಮಣಿಕಟ್ಟಿನ ‘ಲುಕುತ್’ ಒಂದು ಹಳೆಯ ಮಣಿಯ ಚಿತ್ರ. ಕಾಯಿಲೆಯಲ್ಲಿ ಜೀವ ದೇಹ ಬಿಟ್ಟು ಅಲೆಯದಿರಲೆಂದು ಕಟ್ಟುತ್ತಿದ್ದ ಮಣಿ ಕಳೆದುಹೋಗಬಹುದು, ಹಚ್ಚೆ ಹೋಗದು ಎಂಬ ಲೆಕ್ಕ.

ಕ್ರೈಸ್ತಮತ, ಶಾಲೆ, ಪಟ್ಟಣದ ನೌಕರಿ ಬಂದ ಮೇಲೆ ಕಿರಿಯರು ಇದನ್ನು ಕೈಬಿಟ್ಟರು. ಈಗ ಪೂರ್ಣ ಹಚ್ಚೆ ಇರುವವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ಮುಂದೆ ಕಾಯನ್ ಮುಂಗೈಯ ಫೋಟೊ ಕಂಡರೆ ಮೊದಲು ಅಂಕುಡೊಂಕಿನ ಗಡಿಗೆರೆ ಹುಡುಕಿ, ಬಳಿಕ ಅದರೊಳಗಿನ ಒಂದು ಆಕೃತಿಯನ್ನು ಆರಿಸಿಕೊಳ್ಳಿ. ಅದೇ ಆಕೃತಿ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದಿದ್ದರೆ, ಅದು ಬಹುಶಃ ಒಂದೇ ಅಚ್ಚಿನ ಕೆಲಸ.