ಗ್ರೀನ್ ಗೋಲ್ಡ್ ಅನಿಮೇಷನ್

ಗ್ರೀನ್ ಗೋಲ್ಡ್ ಅನಿಮೇಷನ್ ಹೈದರಾಬಾದಿನಲ್ಲಿರುವ ಒಂದು ಅನಿಮೇಷನ್ ಸಂಸ್ಥೆ. ರಾಜೀವ್ ಚಿಲಕ ಇದನ್ನು 2001ರಲ್ಲಿ ಸ್ಥಾಪಿಸಿದರು. 'ಛೋಟಾ ಭೀಮ್' ಸರಣಿಯಿಂದ ಈ ಸಂಸ್ಥೆಯು ದೇಶದಾದ್ಯಂತ ಹೆಸರಾಯಿತು.

ಆರಂಭ

ಚಿಲಕ ಅವರು ಅಮೆರಿಕದಲ್ಲಿ ಗಣಕವಿಜ್ಞಾನವನ್ನೂ ಬಳಿಕ ಅನಿಮೇಷನ್ ಕಲೆಯನ್ನೂ ಅಭ್ಯಾಸ ಮಾಡಿದರು. ಆಗ ಭಾರತದ ಅನೇಕ ಸ್ಟುಡಿಯೋಗಳು ವಿದೇಶಿ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಡುತ್ತಿದ್ದವು. ಅಂಥ ಕೆಲಸದಲ್ಲಿ ಪಾತ್ರಗಳ ಹಕ್ಕು ವಿದೇಶಿ ಕಂಪನಿಗಳಿಗೇ ಸೇರುತ್ತಿತ್ತು; ಸ್ಟುಡಿಯೋಗಳಿಗೆ ದೊರೆಯುತ್ತಿದ್ದುದು ಕೆಲಸದ ಹಣ ಮಾತ್ರ. ಗ್ರೀನ್ ಗೋಲ್ಡ್ ಸ್ವಂತ ಚಿತ್ರಗಳನ್ನು ತಯಾರಿಸುವ ಮಾರ್ಗವನ್ನು ಹಿಡಿಯಿತು. ವಿಕ್ರಮ-ಬೇತಾಳ ಹಾಗೂ ಕೃಷ್ಣನ ಬಾಲ್ಯದ ಕಥೆಗಳು ಅದರ ಆರಂಭದ ಕೃತಿಗಳಲ್ಲಿ ಸೇರಿವೆ.

ಪಾತ್ರಗಳು

'ಛೋಟಾ ಭೀಮ್' 2008ರ ಏಪ್ರಿಲ್‌ನಲ್ಲಿ ಪೋಗೋ ವಾಹಿನಿಯಲ್ಲಿ ಆರಂಭವಾಯಿತು. ಢೋಲಕ್‌ಪುರವೆಂಬ ಕಲ್ಪಿತ ರಾಜ್ಯದಲ್ಲಿರುವ ಒಂಬತ್ತು ವರ್ಷದ ಭೀಮ ಇದರ ನಾಯಕ. ಲಡ್ಡು ತಿಂದೊಡನೆ ಅವನ ಬಲ ಹೆಚ್ಚುತ್ತದೆ. ಚುಟ್ಕಿ, ರಾಜು ಮತ್ತು ಜಗ್ಗು ಎಂಬ ಕೋತಿ ಅವನ ಗೆಳೆಯರು. ಕಾಲಿಯಾ ಅವನ ಪ್ರತಿಸ್ಪರ್ಧಿ. ಢೋಲು-ಭೋಲು ಎಂಬ ಅವಳಿಗಳು ಕಾಲಿಯಾನ ಸಂಗಡಿಗರು. ಇಂದ್ರವರ್ಮ ಅಲ್ಲಿನ ರಾಜ.

ನಾಯಕನ ಹೆಸರು, ಬಲ ಮತ್ತು ಹಸಿವು ಮಹಾಭಾರತದ ಭೀಮಸೇನನನ್ನು ನೆನಪಿಸುತ್ತವೆ. ಆದರೆ ಇದು ಮಹಾಭಾರತದ ಕಥೆಯಲ್ಲ. ಹಸ್ತಿನಾವತಿಯಾಗಲಿ ಕುರುಕ್ಷೇತ್ರವಾಗಲಿ ಈ ಕಥೆಯ ನೆಲೆಯಲ್ಲ. ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಗಮನಿಸಬೇಕು.

ಬೆಳವಣಿಗೆ

ಪುರಾಣದ ಭೀಮ ಎಲ್ಲರಿಗೂ ಸೇರಿದವನು. ಢೋಲಕ್‌ಪುರದ ಭೀಮ ಸಂಸ್ಥೆಯ ಸ್ವಂತ ಸೃಷ್ಟಿ. ಆದ್ದರಿಂದ ಹೊಸ ಕಥೆಗಳನ್ನು ಹೆಣೆಯುವುದಕ್ಕೂ, ಅದೇ ಪಾತ್ರಗಳ ಆಟಿಕೆ, ಉಡುಪುಗಳನ್ನು ಮಾರುವುದಕ್ಕೂ ಸಂಸ್ಥೆಗೆ ಅವಕಾಶವಾಯಿತು. 2012ರಲ್ಲಿ 'ಛೋಟಾ ಭೀಮ್ ಅಂಡ್ ದ ಕರ್ಸ್ ಆಫ್ ದಮ್ಯಾನ್' ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು. ಭೀಮನ ಶೈಶವವನ್ನು ಸಂಭಾಷಣೆಯಿಲ್ಲದೆ ತೋರಿಸುವ 'ಮೈಟಿ ಲಿಟಲ್ ಭೀಮ್' ಸರಣಿಯು 2019ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಹೊರದೇಶಗಳ ಮಕ್ಕಳನ್ನೂ ತಲುಪಿತು.