ಯಾರೂ ಕೇಳದ ನಾಯಿಗಳು: ನಾವು ನಂಬಿರುವುದೇನು, ನಿಜವೇನು

ಕಾಳಿ ನಮ್ಮ ಮನೆಗೆ ಬಂದ ಮೊದಲ ರಾತ್ರಿ ಹೊಸಿಲು ದಾಟಲಿಲ್ಲ. ನಾಲ್ಕು ವರ್ಷ ಶೆಲ್ಟರ್‌ನ ಸಿಮೆಂಟ್ ನೆಲದ ಮೇಲೆ ಮಲಗಿ ಎದ್ದವಳಿಗೆ ನಮ್ಮ ನುಣುಪು ಟೈಲ್ಸ್ ಹೊಸದು. ಒಂದು ಹೆಜ್ಜೆ ಇಟ್ಟಳು, ಉಗುರು ಜಾರಿತು, ಹಿಂದಕ್ಕೆ ಸರಿದು ಸ್ಕೂಟರ್ ಮರೆಯಲ್ಲಿ ಮುದುಡಿಕೊಂಡಳು. ಮರುದಿನ ದಿನಸಿ ಅಂಗಡಿಯಿಂದ ನಾಲ್ಕು ಗೋಣಿಚೀಲ ತಂದು ಬಾಗಿಲಿನಿಂದ ನೀರಿನ ಬಟ್ಟಲಿನವರೆಗೆ ಹಾಸಿದೆ. ಆ ಗೋಣಿಯ ದಾರಿ ಹಿಡಿದು ಅವಳು ಒಳಗೆ ಬರಲು ಹನ್ನೊಂದು ದಿನ ಬೇಕಾಯಿತು.

ಕಾಳಿ ಕಪ್ಪು ನಾಯಿ. ಹೆಣ್ಣು. ವಯಸ್ಸು ಎಂಟರ ಆಸುಪಾಸು. ಮರಿಯಾಗಿದ್ದಾಗ ಡಿಸ್ಟೆಂಪರ್ ಎಂಬ ಕಾಯಿಲೆ ಬಂದು ಬದುಕಿ ಉಳಿದವಳು. ಅದರ ಗುರುತಾಗಿ ಎಡ ಮುಂಗಾಲು ಇವತ್ತಿಗೂ ತಾನೇ ತಾನಾಗಿ ಅದುರುತ್ತದೆ. ನಿದ್ದೆಯಲ್ಲೂ ಉಗುರು ನೆಲಕ್ಕೆ ತಾಗಿ ಟಕ್ ಟಕ್ ಎನ್ನುತ್ತಿರುತ್ತದೆ. ನಾಯಿ ಬೇಕೆಂದು ಬಂದವರು ‘ಇದು ಬೇಡ’ ಎನ್ನಲು ಯಾವ ಯಾವ ಕಾರಣ ಕೊಡುತ್ತಾರೋ ಅಷ್ಟೂ ಅವಳೊಬ್ಬಳಲ್ಲೇ ಇದ್ದವು. ಬೆಂಗಳೂರಿನ ಬಾಗಲಗುಂಟೆಯ ಎಂಇಐ ಬಡಾವಣೆಯಲ್ಲಿ ಬೆಳಗ್ಗೆ ಸಂಜೆ ಅವಳನ್ನು ವಾಕಿಂಗ್ ಕರೆದುಕೊಂಡು ಹೋಗುವಾಗ ಜನ ನಿಲ್ಲಿಸಿ ಮಾತಾಡಿಸುತ್ತಾರೆ. ಕೆಟ್ಟ ಮನಸ್ಸಿನವರು ಯಾರೂ ಅಲ್ಲ. ಆದರೆ ಅವರ ಬಾಯಿಂದ ಬರುವ ಮಾತು ಐದಾರೇ, ಅವುಗಳಲ್ಲಿ ಹೆಚ್ಚಿನವು ತಪ್ಪು. ಕೆಲವು ನಾಯಿಗಳು ವರ್ಷಗಟ್ಟಲೆ ಶೆಲ್ಟರ್‌ನಲ್ಲೇ ಉಳಿದುಹೋಗುವುದು ಈ ಮಾತುಗಳಿಂದಲೇ.

“ಯಾರೂ ತಗೊಳ್ಳದಿದ್ರೆ ಇಂಜೆಕ್ಷನ್ ಕೊಟ್ಟು ಸಾಯಿಸಿಬಿಡ್ತಾರಂತಲ್ಲ?”

ಮೊಬೈಲ್‌ನಲ್ಲಿ ಅಮೆರಿಕದ ವಿಡಿಯೊ ನೋಡಿ ಬಂದ ನಂಬಿಕೆ ಇದು. ಅಲ್ಲಿ ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ ಆರೋಗ್ಯವಾಗಿರುವ ನಾಯಿಗೂ ದಯಾಮರಣ ಕೊಡುವ ಶೆಲ್ಟರ್‌ಗಳಿವೆ. ವರ್ಷಕ್ಕೆ ಲಕ್ಷಗಟ್ಟಲೆ ನಾಯಿ ಬೆಕ್ಕುಗಳು ಅಲ್ಲಿನ ಶೆಲ್ಟರ್‌ಗಳಲ್ಲಿ ದಯಾಮರಣದಿಂದ ಸಾಯುತ್ತವೆ. ನಮ್ಮಲ್ಲಿ ಕಾನೂನು ಬೇರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2001ರಲ್ಲಿ ಬಂದ ನಿಯಮಗಳೂ, ಅವುಗಳ ಜಾಗಕ್ಕೆ 2023ರ ಮಾರ್ಚ್‌ನಲ್ಲಿ ಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಹೇಳುವುದು ಒಂದೇ: ಗುಣವಾಗದ ಕಾಯಿಲೆಯಿಂದ ನರಳುತ್ತಿರುವ, ಇಲ್ಲವೇ ಬದುಕುಳಿಯದಷ್ಟು ಗಾಯಗೊಂಡ ನಾಯಿಗೆ ಮಾತ್ರ, ಅರ್ಹ ಪಶುವೈದ್ಯರ ಕೈಯಿಂದ, ನೋವಾಗದಂತೆ ದಯಾಮರಣ. ವಯಸ್ಸಾಯಿತು, ಕಪ್ಪಗಿದೆ, ಯಾರೂ ಕೇಳಲಿಲ್ಲ ಎಂಬುದು ಕಾರಣವೇ ಅಲ್ಲ.

ಹಾಗೆಂದು ನೆಮ್ಮದಿಯಾಗಿ ಕೂರುವಂತಿಲ್ಲ. ನಮ್ಮ ಶೆಲ್ಟರ್‌ಗಳಲ್ಲಿ ನಾಯಿಯನ್ನು ಕೊಲ್ಲುವುದು ಇಂಜೆಕ್ಷನ್ ಅಲ್ಲ, ಇಕ್ಕಟ್ಟು. ಹತ್ತು ನಾಯಿಯ ಜಾಗದಲ್ಲಿ ಇಪ್ಪತ್ತು ಇದ್ದರೆ ಕಚ್ಚಾಟ, ಊಟ ಸಿಗದೆ ಮೂಲೆ ಸೇರುವ ಮುದಿ ನಾಯಿ, ಒಂದು ಮರಿಗೆ ಪಾರ್ವೊ ಸೋಂಕು ಬಂದರೆ ಸಾಲಿಗೆ ಸಾಲೇ ಮಲಗುವ ಮರಿಗಳು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾ ಸಂಕೀರ್ಣಗಳ ಆವರಣದಲ್ಲಿರುವ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಸೇರಿಸಬೇಕು, ಮತ್ತೆ ಅಲ್ಲಿಗೇ ಬಿಡಬಾರದು ಎಂದು ಆದೇಶಿಸಿದೆ. ಮಕ್ಕಳ, ರೋಗಿಗಳ ಸುರಕ್ಷತೆಯ ಪ್ರಶ್ನೆ ಇದು, ಅದನ್ನು ಹಗುರವಾಗಿ ನೋಡಲಾಗದು. ಆದರೆ ಒಳಗೆ ಹೋಗುವ ನಾಯಿಗಳ ಸಂಖ್ಯೆ ಏರಿ, ಹೊರಗೆ ಮನೆ ಸೇರುವವು ಏರದಿದ್ದರೆ ಏನಾಗುತ್ತದೆಂದು ಯಾರಾದರೂ ಊಹಿಸಬಹುದು. ಬೆಂಗಳೂರಿನಲ್ಲಿ 2023ರ ಗಣತಿಯಲ್ಲಿ 2.79 ಲಕ್ಷ ಬೀದಿ ನಾಯಿಗಳಿದ್ದವು. ಆಗಿನ ಎಂಟು ವಲಯಗಳಲ್ಲಿ ಅತಿ ಕಡಿಮೆ ನಮ್ಮ ದಾಸರಹಳ್ಳಿಯಲ್ಲಿ. ಆ ಕಡಿಮೆಯೇ 21 ಸಾವಿರ.

ಇದೇ ವಿಷಯದಲ್ಲಿ ಎದುರು ದಿಕ್ಕಿನ ತಪ್ಪೂ ಒಂದಿದೆ. ತುಮಕೂರು ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಹಿಂಗಾಲು ಹೋದ ನಾಯಿಯ ಸುತ್ತ ನಿಂತವರು “ಪಾಪ, ನರಳೋದು ಬೇಡ, ಸಾಯಿಸಿಬಿಡಿ ಸಾರ್” ಎನ್ನುತ್ತಾರೆ. ಮೂರು ಕಾಲಿನ ನಾಯಿ ಕೆಲವೇ ವಾರದಲ್ಲಿ ಓಡಲು ಕಲಿಯುತ್ತದೆ. ಕಣ್ಣಿಲ್ಲದ ನಾಯಿ ಮನೆಯ ಸಾಮಾನು ಎಲ್ಲೆಲ್ಲಿದೆ ಎಂದು ವಾಸನೆಯಿಂದ, ಅಭ್ಯಾಸದಿಂದ ತಿಳಿದುಕೊಳ್ಳುತ್ತದೆ. ನೀವು ಕುರ್ಚಿಯ ಜಾಗ ಬದಲಿಸದಿದ್ದರೆ ಸಾಕು. ದಯಾಮರಣ ತಪ್ಪೆಂದು ನಾನು ಹೇಳುತ್ತಿಲ್ಲ. ಯಾವ ಔಷಧಿಗೂ ಬಗ್ಗದ ನೋವಿನಲ್ಲಿದ್ದ ನಾಯಿಯ ತಲೆ ಹಿಡಿದು ಕೂತಿದ್ದೇನೆ, ಆ ಹೊತ್ತಿನಲ್ಲಿ ಅದೇ ಸರಿಯಾಗಿತ್ತು. ಆದರೆ ಆ ತೀರ್ಮಾನ ವೈದ್ಯರು ಪರೀಕ್ಷಿಸಿ ಹೇಳಬೇಕಾದ್ದು, ರಸ್ತೆಯಲ್ಲಿ ನಿಂತವರ ಕರುಳು ಹೇಳಬೇಕಾದ್ದಲ್ಲ. 1958ರಿಂದ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿನ ಆಸ್ಪತ್ರೆ ಜನಸಾಮಾನ್ಯರಿಗೂ ತೆರೆದಿದೆ. ಬಾಗಲಗುಂಟೆಯಿಂದ ಗೊರಗುಂಟೆಪಾಳ್ಯಕ್ಕೆ ಹೋಗಿ ರಿಂಗ್ ರಸ್ತೆ ಹಿಡಿದರೆ ಆಟೊದಲ್ಲೇ ತಲುಪಬಹುದು.

“ಶೆಲ್ಟರ್‌ನಲ್ಲಿ ಬಿಟ್ರೆ ಹಾಯಾಗಿರುತ್ತೆ”

ಪೀಣ್ಯದ ಕಾರ್ಖಾನೆಗಳನ್ನು ನಂಬಿ ಬಂದವರ ಬಾಡಿಗೆ ಮನೆಗಳೇ ನಮ್ಮಲ್ಲಿ ಹೆಚ್ಚು. ಕೆಲಸ ಬದಲಾಯಿತು, ಮನೆ ಬದಲಾಯಿತು, ಹೊಸ ಓನರ್ ನಾಯಿ ಬೇಡ ಅಂದರು. ಮೂರು ವರ್ಷ ಹಾಸಿಗೆ ಪಕ್ಕ ಮಲಗಿದ ನಾಯಿಯನ್ನು ಆಟೊದಲ್ಲಿ ತಂದು ಶೆಲ್ಟರ್ ಗೇಟಿಗೆ ಕಟ್ಟಿ ಹೋಗುತ್ತಾರೆ. ‘ಅಲ್ಲಿ ಅದರ ಜಾತಿಯವೇ ಇರ್ತವಲ್ಲ’ ಎಂಬ ಸಮಾಧಾನ. ಭಾನುವಾರ ಶೆಲ್ಟರ್‌ಗೆ ಹೋಗಿ ನಾಯಿಗಳನ್ನು ವಾಕಿಂಗ್ ಮಾಡಿಸುತ್ತಿದ್ದ ದಿನಗಳಲ್ಲಿ ನಾನು ಕಂಡದ್ದು ಬೇರೆ. ಮನೆಯಲ್ಲಿ ಬೆಳೆದ ನಾಯಿ ಅಲ್ಲಿ ಬಂದು ಗೇಟಿಗೆ ಮುಖ ಮಾಡಿ ಕೂರುತ್ತದೆ. ಎರಡು ಮೂರು ದಿನ ಊಟ ಮುಟ್ಟುವುದಿಲ್ಲ. ಬೈಕ್ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತದೆ. ಬೀದಿಯಲ್ಲೇ ಹುಟ್ಟಿದ ನಾಯಿಗಿಂತ ಇದಕ್ಕೆ ಆ ಜಾಗ ಕಷ್ಟ.

ಶೆಲ್ಟರ್ ಎಂದರೆ ಮನೆಯಲ್ಲ, ಆಸ್ಪತ್ರೆಯ ವಾರ್ಡ್ ಇದ್ದಂತೆ. ಚಿಕಿತ್ಸೆ ಮುಗಿದ ಮೇಲೆ ಅಲ್ಲಿರಬಾರದು. ಹಸಿವು, ಬಾಯಾರಿಕೆಯಿಂದ ನರಳುವ ಪರಿಸ್ಥಿತಿಯಲ್ಲಿ ಸಾಕಿದ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧವೂ ಹೌದು. ಮನೆ ಬದಲಿಸುವುದು ಗೊತ್ತಾದ ದಿನವೇ ನಾಯಿಗೆ ಇನ್ನೊಂದು ಮನೆ ಹುಡುಕಲು ಶುರುಮಾಡಿ, ಲಾರಿಗೆ ಸಾಮಾನು ತುಂಬುವ ದಿನ ಅಲ್ಲ.

“ಹೆಣ್ಣು ನಾಯಿ ಬೇಡಪ್ಪ, ವರ್ಷಕ್ಕೆರಡು ಸಲ ಮರಿ ಹಾಕುತ್ತೆ”

ಎಲ್ಲಾ ತಪ್ಪು ಕಲ್ಪನೆಗಳಲ್ಲಿ ನನಗೆ ಅತಿ ಹೆಚ್ಚು ನೋವು ಕೊಡುವುದು ಇದು. ಒಂದು ಬೀದಿಯ ನಾಯಿ ಆರು ಮರಿ ಹಾಕಿದರೆ ಗಂಡು ಮರಿಗಳನ್ನು ಹುಡುಗರು ಎತ್ತಿಕೊಂಡು ಹೋಗುತ್ತಾರೆ. ಹೆಣ್ಣು ಮರಿಗಳು ಚೀಲದಲ್ಲಿ ಇನ್ನೊಂದು ಬಡಾವಣೆಯ ಖಾಲಿ ಸೈಟು ಸೇರುತ್ತವೆ. ಅವು ಬದುಕಿದರೆ ವರ್ಷದೊಳಗೆ ತಾವೇ ತಾಯಿಯಾಗುತ್ತವೆ, ಮತ್ತೆ ಅದೇ ಕತೆ. ಹೆಣ್ಣು ಮರಿಯನ್ನು ಬೇಡವೆಂದು ಬೀದಿಗೆ ಬಿಡುವುದೇ ಬೀದಿ ನಾಯಿ ಹೆಚ್ಚಲು ದೊಡ್ಡ ದಾರಿ.

ಶೆಲ್ಟರ್‌ನಲ್ಲಿ ದತ್ತು ಕೊಡುವ ದೊಡ್ಡ ಹೆಣ್ಣು ನಾಯಿಗೆ ಸಾಮಾನ್ಯವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು ಇದೆಯೇ ನೋಡಿ. ಅದು ಗಾಯವಲ್ಲ, ಆಪರೇಷನ್ ಆದ ಗುರುತು. ಗರ್ಭಕೋಶ, ಅಂಡಾಶಯ ತೆಗೆದ ಮೇಲೆ ಬೆದೆ ಇಲ್ಲ, ರಕ್ತಸ್ರಾವ ಇಲ್ಲ, ಗೇಟಿನ ಮುಂದೆ ಗಂಡು ನಾಯಿಗಳ ಜಾತ್ರೆ ಇಲ್ಲ. ವಯಸ್ಸಾದ ಹೆಣ್ಣು ನಾಯಿಗಳ ಜೀವ ತೆಗೆಯುವ ಗರ್ಭಕೋಶದ ಕೀವು ಕಾಯಿಲೆಯ ಭಯವೂ ಹೋಗುತ್ತದೆ. ಬೆಂಗಳೂರಿನಲ್ಲಿ ಈ ಶಸ್ತ್ರಚಿಕಿತ್ಸೆ ಆದ ನಾಯಿಗಳ ಪ್ರಮಾಣ 2019ರ ಗಣತಿಯಲ್ಲಿ ಸುಮಾರು ಶೇ 51 ಇದ್ದದ್ದು 2023ಕ್ಕೆ ಸುಮಾರು ಶೇ 72ಕ್ಕೆ ಏರಿತ್ತು. ಅದೇ ಅವಧಿಯಲ್ಲಿ ನಾಯಿಗಳ ಸಂಖ್ಯೆ 3.1 ಲಕ್ಷದಿಂದ 2.79 ಲಕ್ಷಕ್ಕೆ ಇಳಿಯಿತು.

“ಕರಿ ನಾಯಿ ಮನೆಗೆ ಆಗಿಬರಲ್ಲ”

ಶನಿವಾರ ಕರಿ ನಾಯಿ ಹುಡುಕಿ ರೊಟ್ಟಿ ಹಾಕುವವರೇ ಈ ಮಾತನ್ನೂ ಆಡುತ್ತಾರೆ. ಭೈರವನ ವಾಹನವೇ ನಾಯಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949–50ರ ಶಾಸನವೊಂದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದು ಹೇಳುವಂತೆ, ಗಂಗ ದೊರೆ ಬೂತುಗ ತನ್ನ ವೀರ ಮಣಲೆರನಿಗೆ ಏನು ಬೇಕೋ ಕೇಳು ಎಂದಾಗ ಮಣಲೆರ ಬೇಡಿದ್ದು ಒಂದು ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದಿಗೆ ಕಾದಿತು, ಎರಡೂ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆಂದು ಭೂಮಿ ಬಿಡಿಸಿದ. ನಾಯಿಯ ಹೆಸರು ಕಾಳಿ. ನಮ್ಮವಳಿಗೆ ಆ ಹೆಸರು ಬಂದದ್ದು ಅಲ್ಲಿಂದ. ಸಾವಿರ ವರ್ಷದ ಹಿಂದೆ ಕನ್ನಡದವರು ಆ ಹೆಸರಿನ ನಾಯಿಯನ್ನು ವರವಾಗಿ ಬೇಡಿದ್ದರು ಎಂಬುದು ನಮಗೆ ನೆನಪಿರಲಿ.

ಕಪ್ಪು ನಾಯಿ ಉಳಿದುಹೋಗಲು ಇನ್ನೊಂದು ಸಣ್ಣ ಕಾರಣವಿದೆ: ಫೋಟೊ. ಕತ್ತಲ ಗೂಡಿನಲ್ಲಿ, ಕಂಬಿಯ ಆಚೆಯಿಂದ, ಫ್ಲ್ಯಾಶ್ ಹಾಕಿ ತೆಗೆದರೆ ಕಾಣುವುದು ಎರಡು ಹೊಳೆಯುವ ಕಣ್ಣು ಮಾತ್ರ. ನೋಡಿದವರಿಗೆ ಭಯವಾಗದೆ ಇರುತ್ತದೆಯೇ? ಬೆಳಗಿನ ಬೆಳಕಿನಲ್ಲಿ ಹೊರಗೆ ಕರೆತಂದು, ಕೊರಳಿಗೆ ಹಳದಿ ಬಟ್ಟೆ ಕಟ್ಟಿ, ನೀವೂ ನೆಲಕ್ಕೆ ಕೂತು ಅದರ ಕಣ್ಣಿನ ಮಟ್ಟದಲ್ಲಿ ತೆಗೆಯಿರಿ. ಅದೇ ನಾಯಿಯೇ ಎಂದು ಕೇಳುತ್ತಾರೆ.

“ಬೀದಿ ನಾಯಿ ಅಂದ್ಮೇಲೆ ಕಾಯಿಲೆ ಇದ್ದೇ ಇರುತ್ತೆ, ಮನೇಲಿ ಮಕ್ಕಳಿದ್ದಾರೆ”

ಕಾಳಿಯ ಕಾಲು ಅದುರುವುದನ್ನು ನೋಡಿ ‘ಹುಚ್ಚು ಹಿಡಿದಿದೆ’ ಎಂದವರು ಒಬ್ಬಿಬ್ಬರಲ್ಲ. ರೇಬಿಸ್ ಲಕ್ಷಣ ಕಂಡ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ವರ್ಷಗಟ್ಟಲೆ ಅದುರಿಕೊಂಡು ಊಟ ಮಾಡುತ್ತಿರುವುದಿಲ್ಲ. ಡಿಸ್ಟೆಂಪರ್ ನಾಯಿಗಳ ಕಾಯಿಲೆ, ಮನುಷ್ಯರಿಗೆ ಬರುವುದಿಲ್ಲ. ಅದರಿಂದ ಗುಣವಾದ ಕೆಲವು ನಾಯಿಗಳಲ್ಲಿ ನರಗಳ ಈ ಅದುರುವಿಕೆ ಜೀವನಪೂರ್ತಿ ಉಳಿಯುತ್ತದೆ. ಅಷ್ಟೇ.

ಬೀದಿ ನಾಯಿಗಳಲ್ಲಿ ಕಾಣುವ, ನೋಡಲು ಭಯಂಕರವಾದ ಎಷ್ಟೋ ಕಾಯಿಲೆಗಳು ವಾಸಿಯಾಗುವಂಥವು. ಜನನಾಂಗದಲ್ಲಿ ರಕ್ತ ಸುರಿಸುವ ಗೆಡ್ಡೆ ಕಂಡರೆ ‘ಕ್ಯಾನ್ಸರ್, ಮುಗೀತು’ ಎನ್ನುತ್ತಾರೆ. ಅದು ನಾಯಿಯಿಂದ ನಾಯಿಗೆ ಕೂಡುವಾಗ ಹರಡುವ ಗೆಡ್ಡೆ. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೆಲವು ವಾರ ಕೊಟ್ಟರೆ ಹೆಚ್ಚಿನ ನಾಯಿಗಳಲ್ಲಿ ಪೂರ್ತಿ ಕರಗಿಹೋಗುತ್ತದೆ. ಉಣ್ಣೆ ಕಚ್ಚಿ ಬರುವ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಇದೆ. ಮೈಯೆಲ್ಲ ಕೂದಲುದುರಿದ ಕಜ್ಜಿಗೂ ಮಾತ್ರೆ ಇದೆ. ಒಂದು ಬಗೆಯ ಕಜ್ಜಿ ಮನುಷ್ಯರಿಗೂ ತುರಿಕೆ ತರುವುದು ನಿಜ, ಆದ್ದರಿಂದ ವಾಸಿಯಾದ ಮೇಲೆಯೇ ದತ್ತು ಕೊಡುತ್ತಾರೆ.

ಮಕ್ಕಳಿರುವ ಮನೆಯವರು ಹೆದರಬೇಕಾದ್ದು ರೇಬಿಸ್‌ಗೆ. ಅದು ಬಂದರೆ ಉಳಿಗಾಲವಿಲ್ಲ, ಆದರೆ ಲಸಿಕೆಯಿಂದ ಪೂರ್ತಿ ತಡೆಯಬಹುದು. ಹಾಕಿಸಿದ ದಿನಾಂಕ ಬರೆದ ಪುಸ್ತಕ ಕೇಳಿ ಪಡೆಯಿರಿ, ವರ್ಷ ವರ್ಷ ತಪ್ಪದೆ ಹಾಕಿಸಿ. ಯಾವ ನಾಯಿ ಕಚ್ಚಿದರೂ, ಪರಚಿದರೂ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಕಾಫಿ ಪುಡಿ ಹಚ್ಚಬೇಡಿ.

“ಜಾತಿ ನಾಯಿನೇ ಬೇಕು. ಅದೂ ಮರಿಯಿಂದ ಸಾಕಿದ್ರೇನೇ ನಮ್ಮದಾಗೋದು”

2022ರಲ್ಲಿ ‘777 ಚಾರ್ಲಿ’ ನೋಡಿ ಅತ್ತವರಲ್ಲಿ ನಾನೂ ಒಬ್ಬ. ಆ ಕತೆಯಲ್ಲಿ ಚಾರ್ಲಿಗೆ ಕ್ಯಾನ್ಸರ್ ಬರುವುದು ಮರಿ ಮಾರಿ ದುಡ್ಡು ಮಾಡುವವರು ರಕ್ತಸಂಬಂಧದಲ್ಲೇ ತಳಿ ಮಾಡಿಸಿದ್ದರಿಂದ. ಹಲವರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಲ್ಯಾಬ್ರಡಾರ್. ನಮ್ಮ ಬೀದಿಯ ನಾಟಿ ನಾಯಿ ಎಷ್ಟೋ ತಲೆಮಾರು ಈ ಬಿಸಿಲು ಮಳೆಗೆ ಒಗ್ಗಿದ್ದು. ಗಿಡ್ಡ ರೋಮ, ಎಸಿ ಬೇಡ.

ದೊಡ್ಡ ನಾಯಿ ಹೊಂದಿಕೊಳ್ಳುವುದಿಲ್ಲ ಎಂಬುದಂತೂ ಶುದ್ಧ ಸುಳ್ಳು. ಮರಿ ಚಪ್ಪಲಿ ಕಡಿಯುತ್ತದೆ, ರಾತ್ರಿ ಅಳುತ್ತದೆ, ಎರಡು ಗಂಟೆಗೊಮ್ಮೆ ಉಚ್ಚೆ ಮಾಡುತ್ತದೆ. ಏಳೆಂಟು ವರ್ಷದ ನಾಯಿಯ ಸ್ವಭಾವ ನಿಮಗೆ ಮೊದಲ ದಿನವೇ ಗೊತ್ತಿರುತ್ತದೆ: ಮಕ್ಕಳೊಂದಿಗೆ ಹೇಗೆ, ಬೆಕ್ಕು ಕಂಡರೆ ಹೇಗೆ, ಪಟಾಕಿಗೆ ಹೆದರುತ್ತದೋ ಇಲ್ಲವೋ. ಶೆಲ್ಟರ್‌ನಲ್ಲಿ ಅದನ್ನು ನೋಡಿಕೊಂಡ ಹುಡುಗರನ್ನು ಕೇಳಿದರೆ ಎಲ್ಲ ಹೇಳುತ್ತಾರೆ. ಬೇಕಾದ್ದು ಸ್ವಲ್ಪ ತಾಳ್ಮೆ. ಭಯ ಬಿಡಲು ಮೂರು ದಿನ, ದಿನಚರಿ ಕಲಿಯಲು ಮೂರು ವಾರ, ಇದು ನನ್ನ ಮನೆ ಎನ್ನಿಸಲು ಮೂರು ತಿಂಗಳು ಎಂದು ಶೆಲ್ಟರ್‌ನವರು ಲೆಕ್ಕ ಹೇಳುತ್ತಾರೆ. ಕಾಳಿ ನಾಲ್ಕನೇ ತಿಂಗಳಲ್ಲಿ ಮೊದಲ ಸಲ ಬೊಗಳಿದಳು, ಗ್ಯಾಸ್ ಸಿಲಿಂಡರ್ ತಂದವನನ್ನು ಕಂಡು. ಅಲ್ಲಿವರೆಗೆ ಅವಳಿಗೆ ಧ್ವನಿ ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ನಮ್ಮಮ್ಮ ಅಡುಗೆಮನೆಯಿಂದ ಓಡಿಬಂದು ಅವಳ ತಲೆ ಸವರಿದರು.

ಎಲ್ಲರೂ ನಾಯಿ ತರಲೇಬೇಕೆಂದಿಲ್ಲ. ಹನ್ನೆರಡು ಗಂಟೆ ಶಿಫ್ಟ್ ಮಾಡಿ ಒಂಟಿ ಕೋಣೆಯಲ್ಲಿರುವವರು ತರದಿರುವುದೇ ಒಳ್ಳೆಯದು. ಅಂಥವರು ಭಾನುವಾರ ಎರಡು ಗಂಟೆ ಹೋಗಿ ಒಂದು ನಾಯಿಯನ್ನು ನಡೆಸಿಕೊಂಡು ಬನ್ನಿ. ಮನುಷ್ಯರೊಂದಿಗೆ ನಡೆಯಲು ಕಲಿತ ನಾಯಿಗೆ ಮನೆ ಬೇಗ ಸಿಗುತ್ತದೆ. ಜಾಗವಿರುವವರು ಶಸ್ತ್ರಚಿಕಿತ್ಸೆ ಆದ ನಾಯಿಯನ್ನು ಹದಿನೈದು ದಿನ ಫಾಸ್ಟರ್ ಮಾಡಿ, ಅಂದರೆ ತಾತ್ಕಾಲಿಕವಾಗಿ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳಿ. ಉತ್ತರ ಬೆಂಗಳೂರಿನವರಿಗೆ ಅಂಥ ಶೆಲ್ಟರ್‌ಗಳು ದೂರವಿಲ್ಲ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲೆಂಡಿನ ಹೆಣ್ಣುಮಗಳು ಎಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕ್ಯೂಪಾ ಸಂಸ್ಥೆ ಇದೆ, ಹೆಬ್ಬಾಳದಲ್ಲಿ ಕರುಣಾ ಇದೆ, ಯಲಹಂಕದ ಕಡೆ ಮೂರು ಕಾಲಿನ ನಾಯಿಯೊಂದರ ಹೆಸರಿನಲ್ಲೇ ಶುರುವಾದ ಚಾರ್ಲೀಸ್ ಅನಿಮಲ್ ರೆಸ್ಕ್ಯೂ ಸೆಂಟರ್ ಇದೆ. ಅರ್ಜಿ ತುಂಬಿಸುತ್ತಾರೆ, ಮನೆ ನೋಡಲು ಬರುತ್ತಾರೆ, ಓನರ್ ಒಪ್ಪಿಗೆ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಅದು ನಾಯಿ ಮತ್ತೆ ಗೇಟಿಗೆ ಬರಬಾರದೆಂದು.

ಹೋದಾಗ ದಯವಿಟ್ಟು ಮರಿಗಳ ಕೋಣೆಗೆ ಮೊದಲು ಹೋಗಬೇಡಿ. “ಇಲ್ಲಿ ಎಲ್ಲಕ್ಕಿಂತ ಹೆಚ್ಚು ದಿನದಿಂದ ಇರೋ ನಾಯಿ ಯಾವುದು?” ಎಂದು ಕೇಳಿ, ಅದರ ಪಕ್ಕದಲ್ಲಿ ಅರ್ಧ ಗಂಟೆ ಕೂತು ಬನ್ನಿ.